ಹೂಂ ಅಂದವರ ಯಾದಿ

ಪ್ರತಿಯೊಬ್ಬ ಮನುಷ್ಯನಿಗೂ ಅವನದೇ ಆದ ಒಂದು ಹೆದರಿಕೆ ಇರುತ್ತದೆ. ನಮ್ಮ ಓಣಿಯಲ್ಲಿ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರಿದ್ದಾರೆ. ಅವರ ಮೀಸೆ ನೋಡಿದರೆ ಸಾಕು, ಅಳುವ ಮಕ್ಕಳು ಬಾಯಿ ಮುಚ್ಚುತ್ತವೆ. ಆದರೆ ಗೋಡೆಯ ಮೇಲೆ ಹಲ್ಲಿ ಕಂಡರೆ ಅವರು ಕುರ್ಚಿ ಹತ್ತಿ ಸೊಸೆಯನ್ನು ಕರೆಯುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಲಿಫ್ಟಿಗೆ ಹೆದರಿ ನಾಲ್ಕನೆಯ ಮಹಡಿಗೂ ಏದುಸಿರು ಬಿಡುತ್ತ ನಡೆದೇ ಹೋಗುತ್ತಾರೆ. ಇಂಥ ಹೆದರಿಕೆಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ನಗಬಹುದು, ಮರ್ಯಾದೆಗೇನೂ ಕಡಿಮೆಯಾಗುವುದಿಲ್ಲ. ನನ್ನದು ಹಾಗಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಸಲ್ಫ್ಯೂರಿಕ್ ಆಮ್ಲದ ಬಾಟಲಿಯನ್ನು ಕೈ ನಡುಗದೆ ಎತ್ತಿಡುವ ನಾನು, ಎದುರಿಗೆ ನಿಂತವರ ಮುಖ ಸಪ್ಪಗಾಗುವುದಕ್ಕೆ ಹೆದರುತ್ತೇನೆ. ಯಾರಾದರೂ ಏನಾದರೂ ಕೇಳಿದರೆ ‘ಇಲ್ಲ’ ಎಂಬ ಮಾತು ಗಂಟಲತನಕ ಬರುತ್ತದೆ. ಅಲ್ಲಿಂದ ಹೊರಗೆ ಬೀಳುವುದು ಮಾತ್ರ ‘ಹೂಂ’.

ಇದರ ಫಲವನ್ನು ನಾನು ಉದ್ದಕ್ಕೂ ಉಂಡಿದ್ದೇನೆ. ಕ್ಷೌರದ ಅಂಗಡಿಯವನು ಹಿಂದಿನಿಂದ ಕನ್ನಡಿ ಹಿಡಿದು “ಹೆಂಗ ಆತ್ರಿ ಸರ?” ಎಂದು ಕೇಳಿದರೆ, ಒಂದು ಕಡೆ ಕೂದಲು ಹೆಚ್ಚು ಹೋಗಿರುವುದು ಕಣ್ಣಿಗೆ ರಾಚುತ್ತಿದ್ದರೂ “ಭಾಳ ಛಲೋ ಆತು” ಎನ್ನುತ್ತೇನೆ. ನಮ್ಮ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರಗಳು ಎರಡಿವೆ. ಎರಡನೆಯದನ್ನು ಮಾರಲು ಬಂದವನು ನನ್ನ ಹಳೆಯ ವಿದ್ಯಾರ್ಥಿ; ಮೊದಲನೆಯದನ್ನು ಅವನಿಗೆ ಕಾಣದಂತೆ ಪರದೆ ಎಳೆದು ಮುಚ್ಚಿ, ಇಂಥದೊಂದು ನಮಗೆ ಬೇಕೇ ಬೇಕಾಗಿತ್ತು ಎಂದು ಹೇಳಿ ಕೊಂಡೆ. ಮದುವೆಗೆ ಮುಂಚೆ ಹೆಣ್ಣು ನೋಡಲು ಅಮ್ಮಿನಬಾವಿಗೆ ಹೋಗಿದ್ದಾಗ, ಮಾವನವರು “ಇನ್ನೊಂದೀಟು?” ಎಂದು ಕೇಳಿದಷ್ಟು ಸಲವೂ ಹೂಂ ಎಂದು ನಾಲ್ಕು ತಟ್ಟೆ ಉಪ್ಪಿಟ್ಟು ತಿಂದಿದ್ದೆ. ಹುಡುಗಿ ಬಂದು ಎದುರಿಗೆ ಕೂತಾಗ ಹೊಟ್ಟೆನೋವಿನಿಂದ ನನಗೆ ಮಾತೇ ಹೊರಡಲಿಲ್ಲ. ಹುಡುಗ ಬಹಳ ಗಂಭೀರ ಸ್ವಭಾವದವನು ಎಂದು ಅವರ ಮನೆಯಲ್ಲಿ ಎಲ್ಲರಿಗೂ ಮೆಚ್ಚುಗೆಯಾಯಿತಂತೆ. ಆ ಹುಡುಗಿಯೇ ಶಾಂತಾ, ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ತಪ್ಪು ಕಂಡಲ್ಲಿ ಕೆಂಪು ಗೀರು ಎಳೆದು ಗೊತ್ತಿರುವವಳು, ಹಾಗಾಗಿ ಅವಳಿಗೆ ನನ್ನ ಈ ಕಾಯಿಲೆ ಅರ್ಥವೇ ಆಗುವುದಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಪ್ರಾಂಶುಪಾಲರು ನನ್ನನ್ನು ಕರೆಸಿದರು. “ಸರ್ರ, ಉದ್ಯಮಶೀಲತಾ ತರಬೇತಿ ಅಂತ ಬಂದೈತ್ರಿ. ನಮ್ಮ ಎಮ್ಮೆಸ್ಸಿ ಹುಡುಗ್ರು, ಹುಬ್ಬಳ್ಳ್ಯಾಗಿನ ಎಂಟೆಕ್ ಹುಡುಗ್ರು ಎಲ್ಲಾರೂ ಕೂಡಿ ಐದ ದಿನ. ಓದಿದವರು ನೌಕರಿ ಹುಡುಕೂದ ಬಿಟ್ಟು ನೌಕರಿ ಕೊಡೂವಂಗ ಆಗಬೇಕಂತ. ಸಂಯೋಜಕರು ನೀವ ಆಗಬೇಕ್ರಿ” ಎಂದರು. ಉದ್ಯಮದಲ್ಲಿ ನನ್ನ ಅನುಭವ ಏನೆಂದರೆ, ಒಮ್ಮೆ ಹಳೆಯ ಸ್ಕೂಟರ್ ಮಾರಲು ಹೊರಟಿದ್ದೆ. ಕೊಳ್ಳಲು ಬಂದವನ ಮುಖ ಅರಳಲಿಲ್ಲವೆಂದು ಬೆಲೆ ಇಳಿಸಿದೆ. ಆಗಲೂ ಅರಳಲಿಲ್ಲವೆಂದು ಹೆಲ್ಮೆಟ್ ಕೊಟ್ಟೆ. ಕೊನೆಗೆ ಅವನು ಹೊರಟು ನಿಂತಾಗ ದಾರಿಯಲ್ಲಿ ತೊಂದರೆಯಾಗದಿರಲೆಂದು ಟಾಕಿ ತುಂಬ ಪೆಟ್ರೋಲ್ ಹಾಕಿಸಿಕೊಟ್ಟೆ. ಇದನ್ನೆಲ್ಲ ಪ್ರಾಂಶುಪಾಲರಿಗೆ ವಿವರಿಸಿ ಪಾರಾಗೋಣ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಹೂಂ ಎಂದೆ.

ತರಬೇತಿ ಕೊಡಲು ಬೆಂಗಳೂರಿನಿಂದ ನಿಶಾಂತ್ ಎಂಬ ತರುಣ ಬಂದ. ಕಾಲರ್ ಇಲ್ಲದ ಅಂಗಿ, ಬೆಳ್ಳಗಿನ ಬೂಟು. ಮುಂಜಾನೆ ಒಂಬತ್ತಕ್ಕೆ ಶುರುವಾದ ಉತ್ಸಾಹ ಸಂಜೆ ಐದಕ್ಕೂ ಹಾಗೇ ಇರುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಊಟದ ನಂತರದ ತರಗತಿಯಲ್ಲಿ ಮಕ್ಕಳನ್ನು ಎಚ್ಚರವಾಗಿಡಲು ಬಂದಿಲ್ಲ. ಅವನು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದ. ಸಂಯೋಜಕನೆಂದು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರಿಂದ ನಾನೂ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಾಗುತ್ತಿತ್ತು. “ಉದ್ಯಮಕ್ಕೆ ದೊಡ್ಡ ಶತ್ರು ಬಂಡವಾಳ ಇಲ್ಲದಿರೋದಲ್ಲ, ಹೆದರಿಕೆ!” ಎಂದು ಅವನು ಕೈ ಚಾಚಿ ಹೇಳಿದಾಗ ಆ ಕೈ ನೇರವಾಗಿ ನನ್ನ ಕಡೆಗೇ ಚಾಚಿದಂತೆ ಕಂಡು, ನಾನು ಪೆನ್ನು ಬಿದ್ದ ನೆವ ಮಾಡಿ ಕುರ್ಚಿಯ ಕೆಳಗೆ ಬಗ್ಗಿದೆ.

ಎರಡನೆಯ ದಿನ ಅವನು ಎಲ್ಲರಿಗೂ ಒಂದೊಂದು ಕಟ್ಟು ಹಾಳೆ ಹಂಚಿದ. ಅವನ ಪ್ರಕಾರ ಮಾರುವುದಕ್ಕಿಂತ ಮುಂಚೆ ಜನರನ್ನು ಕೇಳಬೇಕು. ಪ್ರಯೋಗಾಲಯದಲ್ಲಿ ಕೂತರೆ ಗಿರಾಕಿ ಸಿಗುವುದಿಲ್ಲ. ಮಕ್ಕಳು ತಾವು ಕಂಡುಹಿಡಿದದ್ದನ್ನು ಕೈಯಲ್ಲಿ ಹಿಡಿದು ಊರೊಳಗೆ ಹೋಗಿ, ಕಂಡು ಪರಿಚಯವಿಲ್ಲದವರನ್ನೂ ಮಾತನಾಡಿಸಿ ಬರಬೇಕು. ಹಾಳೆಯ ಕೊನೆಯ ಪ್ರಶ್ನೆ ಹೀಗಿತ್ತು: ‘ಈ ವಸ್ತುವನ್ನು ನೀವು ಕೊಂಡು ಬಳಸುವಿರಾ?’ ಅದರ ಕೆಳಗೆ ಎರಡೇ ಎರಡು ಚೌಕ, ಹೌದು ಮತ್ತು ಇಲ್ಲ. ಆ ಎರಡು ಚೌಕಗಳನ್ನು ನೋಡಿದ ಕೂಡಲೇ ನನ್ನ ಎದೆ ಧಸಕ್ ಎಂದಿತು.

ಯಾಕೆಂದರೆ ನಮ್ಮ ಅವಳಿ ನಗರದಲ್ಲಿ ಈ ಕಾಯಿಲೆ ನನ್ನೊಬ್ಬನದಲ್ಲ. ನನ್ನದು ಸ್ವಲ್ಪ ಜೋರಾಗಿದೆ ಅಷ್ಟೇ. ಮನೆ ಬಾಗಿಲಿಗೆ ಬಂದವರಿಗೆ ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಎನ್ನುವುದು ನಮ್ಮ ಕಡೆ ಸಂಸ್ಕಾರವಂತರ ಲಕ್ಷಣವಲ್ಲ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವನಿಗೆ ಕೊಡುವ ಮನಸ್ಸಿಲ್ಲದಿದ್ದರೆ “ನೋಡೋಣಂತ್ರಿ” ಎನ್ನುತ್ತೇವೆ. ಮದುವೆಗೆ ಹೋಗುವ ವಿಚಾರವೇ ಇಲ್ಲದಿದ್ದರೆ “ತಪ್ಪದ ಬರ್ತೇವ್ರಿ” ಎನ್ನುತ್ತೇವೆ. ಕರೆದವರಿಗೂ ಅದು ಗೊತ್ತಿರುತ್ತದೆ, ಅಡುಗೆಯವರಿಗೆ ಜನ ಎಷ್ಟು ಎಂದು ಹೇಳುವಾಗ ನಮ್ಮನ್ನು ಬಿಟ್ಟೇ ಹೇಳಿರುತ್ತಾರೆ. ಹೂಂ ಎಂದವರು ಚಹಾ ಕೊಟ್ಟರೆ ಸ್ವಲ್ಪ ಅನುಮಾನ ಪಡಬೇಕು. ಚಹಾದ ಜೊತೆಗೆ ಅವಲಕ್ಕಿಯೂ ಬಂದರೆ ಆಸೆ ಬಿಟ್ಟು ಸುಮ್ಮನೆ ಅವಲಕ್ಕಿ ತಿಂದು ಎದ್ದು ಬರಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಇದು ತಿಳಿಯದ್ದಲ್ಲ. ಆದರೆ ತಾನೇ ಕೈಯಾರೆ ಮಾಡಿದ ವಸ್ತುವನ್ನು ಮುಂದೆ ಹಿಡಿದಾಗ ಎದುರಿನವರು ಹೂಂ ಎಂದರೆ ಅದನ್ನು ನಂಬದಿರಲು ಯಾರಿಗೆ ಮನಸ್ಸು ಬರುತ್ತದೆ? ನಿಶಾಂತ್‌ಗಂತೂ ಇದೆಲ್ಲ ಗೊತ್ತಿರುವ ಸಂಭವವೇ ಇರಲಿಲ್ಲ. ಗೊತ್ತಿದ್ದವನು ನಾನು. ಅಲ್ಲೇ ಎದ್ದು ನಿಂತು ಹೇಳಬಹುದಿತ್ತು, ಆದರೆ ಅಷ್ಟು ಉತ್ಸಾಹದ ಹುಡುಗನ ಮುಖ ಸಪ್ಪಗಾಗುತ್ತದಲ್ಲ ಎಂದು ಸುಮ್ಮನೆ ಕೂತೆ.

ಅವತ್ತು ಮಧ್ಯಾಹ್ನ ನಮ್ಮ ಮನೆಯ ಬಾಗಿಲು ಬಡಿದವಳು ಸವಿತಾ. ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ, ಎರಡು ವರ್ಷ ನನ್ನ ಕೈಕೆಳಗೇ ಎಂ.ಎಸ್ಸಿ. ಮಾಡಿದವಳು. ಬೆರಳುದ್ದದ ಒಂದು ಕಾಗದದ ಪಟ್ಟಿಯನ್ನು ತಯಾರಿಸಿದ್ದಳು. ಅದನ್ನು ಕರಿದ ಎಣ್ಣೆಯಲ್ಲಿ ಅದ್ದಿದರೆ, ಎಣ್ಣೆ ಚೆನ್ನಾಗಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಮೇಲಿಂದ ಮೇಲೆ ಕಾಯಿಸಿ ಕೆಟ್ಟಿದ್ದರೆ ಹಳದಿಗೆ ತಿರುಗುತ್ತದೆ. ಇದಕ್ಕಾಗಿ ಅವಳು ಪಟ್ಟ ಕಷ್ಟ ನನಗೆ ಗೊತ್ತು. ಪ್ರಯೋಗಾಲಯವೆಲ್ಲ ಎಣ್ಣೆಯ ಕಮಟು ಹಿಡಿದು, ಪಕ್ಕದ ಭೌತಶಾಸ್ತ್ರ ವಿಭಾಗದವರು ಬಜಿ ಯಾವಾಗ ಕೊಡುತ್ತೀರಿ ಎಂದು ಕೇಳಿಕೊಂಡು ಬರುತ್ತಿದ್ದರು.

“ಮೊದಲನೇ ಹಾಳಿ ನಿಮ್ಮ ಮನ್ಯಾಗ ತುಂಬಿದ್ರ ಛಲೋ ಆಗತೈತಂತ ಬಂದ್ನಿರಿ ಸರ. ಅಕ್ಕಾರು ಇಲ್ಲೇನ್ರಿ?” ಎಂದಳು. ಶಾಂತಾ ಶಾಲೆಗೆ ಹೋಗಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಶಾಲೆಯಲ್ಲಿ ಕಲಿಸುವವರಾದರೆ ಎಲ್ಲರಿಗೂ ಅಕ್ಕಾರೇ. ಅಕ್ಕಾರು ಬಂದ ಮೇಲೆ ಬಾ ಎಂದು ಹೇಳಿ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಅವಳನ್ನು ಅಡುಗೆಮನೆಗೆ ಕರೆದೊಯ್ದು, ದೊಡ್ಡ ಗೃಹಸ್ಥನ ಠೀವಿಯಿಂದ ಎಣ್ಣೆಯ ಡಬ್ಬಿ ಎಂದು ಒಂದನ್ನು ಇಳಿಸಿದೆ. ಅದರಲ್ಲಿ ಹುಣಸೆಹಣ್ಣಿತ್ತು. ಎರಡನೆಯದರಲ್ಲಿ ಮೆಂತ್ಯ. ಮೂರನೆಯದನ್ನು ಇಳಿಸುವ ಧೈರ್ಯವಾಗದೆ ಹೊರಗೆ ಬಂದು ಕೂತೆವು.

“ಸರ, ಕರದ ಎಣ್ಣಿ ನಿಮ್ಮ ಮನ್ಯಾಗ ಮತ್ತ ಬಳಸ್ತೀರೇನ್ರಿ? ಈ ಪಟ್ಟಿ ಪ್ಯಾಟ್ಯಾಗ ಸಿಕ್ರ ತಗೊಂಡ ನೋಡ್ತೀರೇನ್ರಿ? ಖರೇ ಹೇಳ್ರಿ.”

ಅವಳ ಕಣ್ಣು ನನ್ನ ಪೆನ್ನಿನ ತುದಿಯ ಮೇಲಿತ್ತು. “ಭಾಳ ಛಲೋ ಐತಿ. ತಗೋತೇವಿ, ಯಾಕ ತಗೊಳ್ಳಂಗಿಲ್ಲ!” ಎಂದು ಹೇಳಿ ಹೌದು ಎಂಬ ಚೌಕದಲ್ಲಿ ದಪ್ಪಗೆ ಗುರುತು ಹಾಕಿದೆ. ಸಾಲದೆಂದು ಚಹಾ ಮಾಡಲು ಹೋಗಿ, ಸಕ್ಕರೆ ಡಬ್ಬಿ ಸಿಗದೆ, ಬಿಸ್ಕತ್ತು ಕೊಟ್ಟು ಕಳಿಸಿದೆ.

ನಾಲ್ಕನೆಯ ದಿನ ಎಲ್ಲರೂ ವರದಿ ಒಪ್ಪಿಸಿದರು. ಎಂ.ಟೆಕ್. ಮಾಡುವ ಇಬ್ಬರು ನಳದಲ್ಲಿ ನೀರು ಬಂದ ಕೂಡಲೇ ಫೋನಿಗೆ ಸುದ್ದಿ ಕಳಿಸುವ ಯಂತ್ರ ಮಾಡಿದ್ದರು. ನಮ್ಮ ಓಣಿಗಳಲ್ಲಿ ನೀರು ಬಂದರೆ ಮೊದಲು ಕಂಡವರು ಕೂಗುತ್ತಾರೆ, ಆ ಕೂಗು ಓಣಿಯ ಕೊನೆ ಮುಟ್ಟಲು ಯಾವ ಯಂತ್ರವೂ ಬೇಕಿಲ್ಲ. ಆದರೂ ಅವರು ಕೇಳಿದ ಅಷ್ಟೂ ಮನೆಯವರು ಹೌದು ಎಂದಿದ್ದರು. ಸವಿತಾ ಹುಬ್ಬಳ್ಳಿಯ ಕಮರಿಪೇಟೆಯ ಮನೆಗಳನ್ನು ತಿರುಗಿ, ಧಾರವಾಡದ ಬಜಿ ಅಂಗಡಿಗಳನ್ನೂ ಮುಗಿಸಿ ನಲವತ್ತೊಂದು ಹಾಳೆ ತುಂಬಿಸಿಕೊಂಡು ಬಂದಿದ್ದಳು. ನಲವತ್ತೊಂದೂ ಹೌದು. ಬಜಿ ಅಂಗಡಿಯವನೊಬ್ಬ ಎಲ್ಲರೆದುರು ತನ್ನದೇ ಎಣ್ಣೆ ಕೆಟ್ಟಿದೆ ಎಂದು ಸಾರುವ ಕಾಗದವನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆಯೇ ಎಂಬ ಸಣ್ಣ ಪ್ರಶ್ನೆ ಯಾರಿಗೂ ಬರಲಿಲ್ಲ. ನಿಶಾಂತ್ ಹಾಳೆಗಳನ್ನು ತಿರುವಿ ಹಾಕುತ್ತ ನಿಂತುಬಿಟ್ಟ. “ಸರ್, ಎಷ್ಟೋ ಊರಲ್ಲಿ ಟ್ರೈನಿಂಗ್ ಮಾಡಿದೀನಿ. ಒಬ್ಬರೂ ಇಲ್ಲ ಅನ್ನದೇ ಇರೋ ಊರನ್ನ ಇದೇ ಮೊದಲು ನೋಡ್ತಿರೋದು. ಇದು ಚಿನ್ನದಂಥ ಮಾರ್ಕೆಟ್! ನೀವೇನಂತೀರಿ?” ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದ. ನಾನು ಏನು ಅಂದಿರಬಹುದು ಎಂದು ನೀವೇ ಊಹಿಸಿ. ಚಪ್ಪಾಳೆ ಬಿತ್ತು.

ತರಬೇತಿ ಮುಗಿದ ದಿನ, ಕುರ್ಚಿಗಳನ್ನು ಎತ್ತಿಡುವಾಗ ಸವಿತಾ ಬಂದು ಮೆಲ್ಲಗೆ ಹೇಳಿದಳು: “ಸರ, ಆ ನೌಕರಿಗೆ ನಾ ಹೋಗೂದಿಲ್ರಿ. ಪಟ್ಟೀನ ಮಾಡಬೇಕಂತ ಮಾಡೇನಿ.” ಅವಳಿಗೆ ಔಷಧ ತಯಾರಿಸುವ ಕಂಪನಿಯೊಂದರ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಅವಳ ತರಗತಿಯಲ್ಲಿ ಅಂಥ ಕೆಲಸ ಸಿಕ್ಕಿದ್ದು ಅವಳೊಬ್ಬಳಿಗೇ. ಬರುತ್ತೇನೋ ಇಲ್ಲವೋ ಎಂಬುದನ್ನು ಸೋಮವಾರದೊಳಗೆ ಬರೆದು ತಿಳಿಸಬೇಕಿತ್ತು, ಅವತ್ತು ಶುಕ್ರವಾರ. “ವಿಚಾರ ಮಾಡಿ ನೋಡು” ಎಂದೆ. “ಮಾಡೇನ್ರಿ ಸರ. ನಲವತ್ತೊಂದ ಮಂದಿ ಹೂಂ ಅಂದಾರು” ಎಂದು ನಕ್ಕು ಬಸ್ಸಿಗೆ ಓಡಿದಳು. ನಾನು ಎತ್ತಿದ ಕುರ್ಚಿಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತೆ. ಯಾರೂ ಕೊಳ್ಳದ ಪಟ್ಟಿಗಳ ಮೂಟೆಯ ಪಕ್ಕದಲ್ಲಿ ಕೂತ ಹುಡುಗಿ, ಬಿಟ್ಟುಕೊಟ್ಟ ನೌಕರಿ, ಆ ಜಾಗದಲ್ಲಿ ಹೋಗಿ ಸೇರಿದ ಇನ್ನಾರೋ, ಎಲ್ಲ ಕಣ್ಣ ಮುಂದೆ ಬಂತು. ನಿಜವಾಗಿ ಹೆದರಿದೆ. ಇದುವರೆಗೆ ನನ್ನ ಹೂಂಗಳಿಂದ ಕೆಟ್ಟದ್ದು ನನ್ನ ಹೊಟ್ಟೆ, ನನ್ನ ತಲೆಗೂದಲು. ಇನ್ನೊಬ್ಬರ ಬದುಕಿಗೆ ಅದು ಕೈ ಹಾಕಿದ್ದು ಇದೇ ಮೊದಲು.

ಶನಿವಾರ ಮುಂಜಾನೆ ಫೋನ್ ಬಂತು. ಸವಿತಾಳ ತಂದೆ, ಊರಿನಲ್ಲಿಯೇ ಪ್ರಾಥಮಿಕ ಶಾಲೆಯ ಮಾಸ್ತರರು. “ಸರ್ರ, ನಮ್ಮ ಮನ್ಯಾಗ ಇಲ್ಲೀತನಕ ಯಾರೂ ಧಂಧೆ ಮಾಡಿದವರಲ್ರಿ. ನೌಕರಿ ಬಿಡ್ತೇನಂದಾಗ ನಮಗ ಕೈಕಾಲು ತಣ್ಣಗಾದವು. ಆದ್ರ ಹೂಂ ಅಂದವರ ಯಾದಿ ತೋರಿಸಿದ್ಲು. ಮೊದಲನೇ ಹೂಂ ನಿಮ್ಮದ ಐತಿ. ಸರ ಹೂಂ ಅಂದಮ್ಯಾಲ ನಾ ಏನ ಹೇಳ್ಲಿ? ನಾನೂ ಹೂಂ ಅಂದೇನ್ರಿ.”

ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಗಂಟಲು ಸರಿ ಮಾಡಿಕೊಂಡು, “ಮಾಸ್ತರ, ನಾಷ್ಟಾ ಆತೇನ್ರಿ?” ಎಂದು ಕೇಳಿದೆ.

“ಆತ್ರಿ. ನಿಮ್ಮದು?”

“ಆತ್ರಿ.”

“ಛಲೋ ಆತ್ರಿ. ನಿಮ್ಮ ಜೊತಿ ಮಾತಾಡಿದ್ದಕ್ಕ ಧೈರ್ಯ ಬಂತು ನೋಡ್ರಿ” ಎಂದು ಅವರು ಫೋನ್ ಇಟ್ಟರು.

ನನ್ನ ಮುಖ ನೋಡಿ ಶಾಂತಾ ಏನಾಯಿತೆಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಸೌಟು ಹಿಡಿದು ಹಾಗೇ ನಿಂತಳು. “ಎಣ್ಣಿ ಯಾವ ಡಬ್ಬ್ಯಾಗ ಐತಿ ಅನ್ನೂದ ಗೊತ್ತಿಲ್ಲ, ಎಣ್ಣಿ ಪಟ್ಟಿ ತಗೋತೇನಿ ಅಂತ ಬರದು ಕೊಟ್ಟೀರಿ?”

“ನೀ ತಗೊಳ್ಳಂಗಿಲ್ಲೇನ?” ಎಂದು ಆಸೆಯಿಂದ ಕೇಳಿದೆ. ಅವಳೊಬ್ಬಳು ತೆಗೆದುಕೊಂಡರೂ ನನ್ನ ಹೂಂ ಅಷ್ಟಾದರೂ ನಿಜವಾಗುತ್ತಿತ್ತು.

“ಇಲ್ಲ. ಮೂಸಿ ನೋಡಿದ್ರ ನನಗ ತಿಳೀತೈತಿ” ಎಂದಳು. ಎಷ್ಟು ಸಲೀಸಾಗಿ ಆ ಮಾತು ಅವಳ ಬಾಯಿಂದ ಬಂತೆಂದರೆ ನನಗೆ ಹೊಟ್ಟೆಕಿಚ್ಚಾಯಿತು. “ಸೋಮವಾರದೊಳಗ ಆ ಹುಡುಗಿಗೆ ಖರೇ ಹೇಳ್ರಿ. ನಿಮಗ ಆಗೂದಿಲ್ಲಂದ್ರ ನಾ ಹೇಳ್ತೇನಿ.”

“ಬ್ಯಾಡ, ಬ್ಯಾಡ. ನಾನ ಹೇಳ್ತೇನಿ” ಎಂದೆ. ಹೆಂಡತಿಯ ಕೈಯಲ್ಲಿ ಹೇಳಿಸಿದ ಮಾಸ್ತರ ಎಂದು ಹೆಸರು ಬರುವುದಕ್ಕೂ ನನಗೆ ಹೆದರಿಕೆಯೇ.

ಬಚ್ಚಲಿನ ಕನ್ನಡಿಯ ಮುಂದೆ ನಿಂತು, ‘ಸವಿತಾ, ನಿನಗೊಂದು ಮಾತು ಹೇಳಬೇಕು’ ಎಂದು ಅಭ್ಯಾಸ ಮಾಡಿದೆ. ಕನ್ನಡಿಯೊಳಗಿನವನ ಮುಖ ಸಪ್ಪಗಾದದ್ದು ಕಂಡು ಅಷ್ಟಕ್ಕೇ ನಿಲ್ಲಿಸಿದೆ. ಫೋನ್ ಮಾಡುವುದಕ್ಕಿಂತ ಬರೆದು ಕಳಿಸುವುದು ಸುಲಭ ಎಂದುಕೊಂಡು ಮೊಬೈಲ್ ಹಿಡಿದು ಕೂತೆ. ನಾಲ್ಕು ಸಾಲು ಬರೆದೆ. ಇದು ಬಹಳ ಕಠೋರವಾಯಿತೆಂದು ಎರಡು ಸಾಲು ಅಳಿಸಿದೆ. ಉಳಿದದ್ದು ಅರ್ಥವಾಗುವುದಿಲ್ಲವೆಂದು ಅದನ್ನೂ ಅಳಿಸಿದೆ. ಅರ್ಧ ತಾಸಿನ ನಂತರ ಅವಳಿಗೆ ಹೋಗಿ ಮುಟ್ಟಿದ್ದು ಮೇಲೆತ್ತಿದ ಹೆಬ್ಬೆರಳಿನ ಒಂದು ಚಿತ್ರ. ‘ಥ್ಯಾಂಕ್ಯೂ ಸರ, ನಿಮ್ಮ ಆಶೀರ್ವಾದ ಹಿಂಗ ಇರಲಿ’ ಎಂದು ಉತ್ತರ ಬಂತು. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಫೋನ್ ಸಪ್ಪಳ ಮಾಡಿದರೆ ಬೆಚ್ಚಿ ಬೀಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಕೆಲಸ ಬಿಡುವ ಮುಂಚೆ ಒಬ್ಬ ಗಿರಾಕಿಯಾದರೂ ನಿನ್ನ ವಸ್ತುವನ್ನು ನಿನ್ನೆದುರು ಬಳಸಲಿ ಎಂದು ನಿಶಾಂತ್ ಹೇಳಿ ಹೋಗಿದ್ದನಂತೆ. ಅದಕ್ಕೇ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಈರಪ್ಪನ ಬಜಿ ಅಂಗಡಿಗೆ ಹೋಗಿ ಎಣ್ಣೆಯಲ್ಲಿ ಪಟ್ಟಿ ಅದ್ದಿ ನೋಡುವುದು. ನೋಡಿದ ಮೇಲೆ ಅಲ್ಲಿಂದಲೇ ಕೆಲಸ ಬೇಡವೆಂದು ಕಂಪನಿಗೆ ಪತ್ರ ಕಳಿಸುವುದು. “ನೀವೂ ಬರ್ರಿ ಸರ, ನೀವು ಮೊದಲನೇದವರು” ಎಂದಳು. ಹೂಂ ಎಂದೆ, ಮತ್ತೇನು.

ಈರಪ್ಪನ ಅಂಗಡಿ ಎಂದರೆ ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ನಿಂತು ತಿಂದ ಜಾಗ. ನಲವತ್ತೊಂದು ಹೂಂಗಳಲ್ಲಿ ಅವನದೂ ಒಂದು. ಸಂಜೆಯ ಹೊತ್ತು, ಬಾಣಲೆಯ ಸುತ್ತ ಜನ. ನಮ್ಮನ್ನು ಕಂಡ ಕೂಡಲೇ “ಬರ್ರಿ ಸರ, ಬಾ ತಂಗಿ” ಎಂದು ಬಾಯಿತುಂಬ ಕರೆದ. ಸವಿತಾ ಚೀಲದಿಂದ ನೀಲಿ ಪಟ್ಟಿ ತೆಗೆದಳು. “ಈರಪ್ಪ ಕಾಕಾ, ಅವತ್ತ ಹೇಳಿದ್ನೆಲ್ರಿ, ಇದ. ಒಂದ ಸೌಟ ಎಣ್ಣಿ ಕೊಡ್ರಿ.”

“ಕೊಡೋಣಂತವಾ. ಬಂದವರು ಮೊದಲ ಬಿಸಿ ಮಿರ್ಚಿ ತಿನ್ರಿ.” ಎರಡು ತಟ್ಟೆ ಬಂದವು. ತಿಂದೆವು.

“ಈಗ ಕೊಡ್ರಿ ಕಾಕಾ.”

“ಇಷ್ಟ ಗಿರಾಕಿ ಹೋಗ್ಲಿ ತಡೀವಾ. ಗಿರಮಿಟ್ ಹಾಕ್ಲಿ?” ಗಿರಮಿಟ್ ಬಂತು. ಅದನ್ನೂ ತಿಂದೆವು.

“ಈಗ?”

“ಎಣ್ಣಿ ಭಾಳ ಕಾದೈತಿ, ಕೈಗೀಗೆ ಸಿಡದೀತು. ಚಹಾ ಹೇಳ್ತೇನಿ ತಡಿ.”

ನಾನು ಈರಪ್ಪನನ್ನೇ ನೋಡುತ್ತಿದ್ದೆ. ಹಣೆಯ ಬೆವರು ಬರೀ ಒಲೆಯ ಕಾವಿನದಾಗಿರಲಿಲ್ಲ. ಮಾತನಾಡುತ್ತಲೇ ಅವನು ಬಾಣಲೆಗೂ ಸವಿತಾಳಿಗೂ ನಡುವೆ ಬಂದು ನಿಂತಿದ್ದ. ಅಷ್ಟು ದೊಡ್ಡ ಮೈಕಟ್ಟಿನ ಮನುಷ್ಯ ಬೆರಳುದ್ದದ ಕಾಗದಕ್ಕೆ ಹೆದರಿದ್ದ. ಆ ಹೆದರಿಕೆ ಅಂಗುಷ್ಠದಿಂದ ನೆತ್ತಿಯವರೆಗೆ ನನಗೆ ಪರಿಚಯದ್ದು. ಸವಿತಾ ಮಾತ್ರ ಏನೂ ತಿಳಿಯದವಳಂತೆ, “ಪಾಪ, ಗದ್ದಲ ಐತ್ರಿ ಸರ. ಕಾಯೋಣ. ಕಾಕಾ ಹೂಂ ಅಂದಾರಲ್ಲ” ಎಂದು ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಇನ್ನೊಂದು ಕೈಯಲ್ಲಿದ್ದ ಮೊಬೈಲಿನಲ್ಲಿ ಕಂಪನಿಗೆ ಬರೆದ ಪತ್ರ ಸಿದ್ಧವಾಗಿತ್ತು.

ಆಗ ನನಗೇನಾಯಿತೋ ಗೊತ್ತಿಲ್ಲ. “ಬ್ಯಾಡಾಗಿದ್ರ ಬ್ಯಾಡಂತ ಹೇಳಪಾ ಈರಪ್ಪ!” ಎಂದು ಕೂಗಿದೆ. ತರಗತಿಯಲ್ಲೂ ಅಷ್ಟು ಜೋರಾಗಿ ಕೂಗಿದವನಲ್ಲ. ತಿನ್ನುತ್ತಿದ್ದವರೆಲ್ಲ ಮಿರ್ಚಿ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು.

ಈರಪ್ಪ ಜಾಲರಿ ಸೌಟನ್ನು ಕೆಳಗಿಟ್ಟ. ಅವನ ದನಿ ಇಳಿದಿತ್ತು. “ಹೆಂಗ ಹೇಳ್ಲಿರಿ ಸರ? ಹುಡುಗಿ ಅವತ್ತ ಬಿಸಿಲಾಗ ನಡಕೋತ ಬಂದಿತ್ತು. ಇಷ್ಟ ಓದಿದಾಕಿ ಕಾಕಾ ಅಂತ ಕರದ್ಲು. ನೀರ ಕೊಟ್ಟು ಹೂಂ ಅಂದೆ. ಆದ್ರ ಈ ಹಾಳಿ ಹಳದಿ ಆತಂದ್ರ, ಇಷ್ಟ ಮಂದಿ ಮುಂದ, ನಾಳಿಂದ ನಾ ಎಲ್ಲಿ ಒಲಿ ಹೂಡ್ಲಿ ಹೇಳ್ರಿ?”

ಸವಿತಾ ನನ್ನ ಕಡೆ ನೋಡಿದಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅಂಗಡಿಯ ಕಟ್ಟೆ ಹಿಡಿದುಕೊಂಡೆ. “ನಂದೂ ಹಂಗ ಸವಿತಾ. ನಾನೂ ತಗೊಳ್ಳಂಗಿಲ್ಲ. ನಮ್ಮ ಮನ್ಯಾಗ ಯಾರೂ ತಗೊಳ್ಳಂಗಿಲ್ಲ. ಆ ಯಾದಿ ನಂಬಿ ನೌಕರಿ ಬಿಡಬ್ಯಾಡ” ಎಂದೆ.

“ಮತ್ತ ಹೌದು ಅಂತ ಗುರುತ ಯಾಕ ಹಾಕಿದ್ರಿ?”

“ನಿನ್ನ ಮುಖ ಸಪ್ಪಗ ಆದೀತಂತ ಹೆದರಿದ್ನಿ.”

ಅವಳ ಮುಖ ಈಗ ಸಪ್ಪಗಾಯಿತು. ಕಣ್ಣು ತುಂಬಿದವು, ಗದ್ದ ಸಣ್ಣಗೆ ನಡುಗಿತು. ಬದುಕಿನುದ್ದಕ್ಕೂ ಯಾವುದನ್ನು ನೋಡಬಾರದೆಂದು ಓಡಿದ್ದೆನೋ ಅದನ್ನು ಒಂದು ಮೊಳ ದೂರದಿಂದ ಪೂರ್ತಿಯಾಗಿ ನೋಡಿದೆ. ಅವಳು ಮೊಬೈಲನ್ನು ಚೀಲದಲ್ಲಿಟ್ಟಳು, ಪತ್ರ ಕಳಿಸಲಿಲ್ಲ. ಅಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ಮೆಲ್ಲಗೆ ಕೇಳಿದಳು: “ಸರ, ಹಂಗಾದ್ರ ನನ್ನ ಪ್ರಾಜೆಕ್ಟಿನ ಮ್ಯಾಲ ‘ಅತ್ಯುತ್ತಮ’ ಅಂತ ಬರದೀರಲ್ರಿ, ಅದು?”

ಇಂಥದೊಂದು ಪ್ರಶ್ನೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆ ಪಟ್ಟಿ ನಿಜವಾಗಿಯೂ ಒಳ್ಳೆಯದಿತ್ತು. ಎಷ್ಟೋ ವರ್ಷಗಳಲ್ಲಿ ನನ್ನ ಕೈಕೆಳಗೆ ಅಷ್ಟು ಚೊಕ್ಕ ಕೆಲಸ ಮಾಡಿದ ವಿದ್ಯಾರ್ಥಿ ಇನ್ನೊಬ್ಬರಿಲ್ಲ. “ಅದು ಖರೇ. ದೇವರಾಣೆ ಖರೇ ಸವಿತಾ” ಎಂದೆ.

“ಹೂಂ ರೀ ಸರ” ಎಂದಳು ಸವಿತಾ. ಆ ಹೂಂ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ಕೊಡುತ್ತ ಬಂದವನು ನಾನು. ಅದನ್ನು ತೆಗೆದುಕೊಂಡವರಿಗೆ ಎಷ್ಟು ನೋವಾಗುತ್ತದೆಂದು ಅವತ್ತು ತಿಳಿಯಿತು.

ನಾವು ಹೊರಟಾಗ ಈರಪ್ಪ ಹಿಂದಿನಿಂದ ಕರೆದ. “ತಂಗಿ, ನಾಳೆ ಮುಂಜಾನೆ ಮಂದಿ ಬರೂಕಿಂತ ಮೊದಲ ಬಾ. ನಾವಿಬ್ಬರ ನೋಡೋಣು.” ಸವಿತಾ ತಿರುಗಿ ನಿಂತು, “ಇದು ಖರೇ ಬಾ ಅನ್ನೂದೋ, ಹಂಗ ಸುಮ್ನನೋ ಕಾಕಾ?” ಎಂದು ಕೇಳಿದಳು. ಈರಪ್ಪ ಮೊದಲು ತಬ್ಬಿಬ್ಬಾದ, ಆಮೇಲೆ ನಕ್ಕ. “ಖರೇ ಬಾ” ಎಂದ. ಅವಳು ಹೋದಳಂತೆ, ಅವನು ಎಣ್ಣೆ ಕೊಟ್ಟನಂತೆ. ಪಟ್ಟಿ ನೀಲಿ ಉಳಿಯಿತೋ ಹಳದಿಯಾಯಿತೋ ಇಬ್ಬರೂ ನನಗೆ ಹೇಳಿಲ್ಲ. ಇಷ್ಟು ವರ್ಷ ಅಲ್ಲಿ ತಿಂದವನಾದ್ದರಿಂದ ಕೇಳುವ ಧೈರ್ಯ ನನಗೂ ಆಗಿಲ್ಲ.

ಸೋಮವಾರ ಸಂಜೆ ಸವಿತಾ ಮನೆಗೆ ಬಂದಳು. ಕೆಲಸಕ್ಕೆ ಬರುತ್ತೇನೆಂದು ಕಂಪನಿಗೆ ಬರೆದಾಗಿತ್ತು. ಶಾಂತಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. “ಅಲ್ಲಿ ನನ್ನ ಕೆಲಸ ಏನ ಗೊತ್ತೇನ್ರಿ? ಔಷಧ ಸರಿ ಇಲ್ಲಂದ್ರ ಸರಿ ಇಲ್ಲ ಅಂತ ಬರದು ಸಹಿ ಮಾಡೂದು. ಒಂದೆರಡ ವರ್ಷ ಅದನ್ನ ಕಲೀತೇನಿ. ಪಟ್ಟಿ ಎಲ್ಲೂ ಓಡಿ ಹೋಗೂದಿಲ್ಲ. ಮಂದಿ ಇಲ್ಲದಾಗ ತಮ್ಮ ಎಣ್ಣಿ ನೋಡಿಕೊಳ್ಳಾಕ ಅದು ಯಾರಿಗೆ ಬೇಕಂತ ಸಾವಕಾಶ ಹುಡುಕ್ತೇನಿ” ಎಂದಳು. ಒಂದೇ ದಿನದಲ್ಲಿ ಅವಳು ಐದು ದಿನದ ತರಬೇತಿಯಲ್ಲಿ ಇಲ್ಲದ್ದನ್ನು ಕಲಿತಿದ್ದಳು. ನನ್ನ ಎದೆಯ ಮೇಲಿನ ಭಾರವೆಲ್ಲ ಇಳಿದು ಕಣ್ಣು ಒದ್ದೆಯಾದವು.

“ಭಾಳ ಛಲೋ ಮಾಡಿದಿ ಸವಿತಾ” ಎಂದೆ. ನನ್ನ ಆಯುಷ್ಯದಲ್ಲಿ ಅಷ್ಟು ಮನಸಾರೆ ಆಡಿದ ಮಾತು ಇನ್ನೊಂದಿಲ್ಲ.

ಅವಳು ನನ್ನ ಕಡೆ ನೋಡಿ ಮರ್ಯಾದೆಯಿಂದ ತಲೆಯಾಡಿಸಿದಳು. ಆಮೇಲೆ ಶಾಂತಾಳ ಕಡೆ ತಿರುಗಿ, “ಖರೇ ಏನ್ರಿ ಅಕ್ಕಾರ?” ಎಂದು ಕೇಳಿದಳು.